ಕತ್ತಲಲ್ಲಿ, ಮಳೆಯಲ್ಲಿ ಡೇರಿಗೆ ಸೈಕಲ್ ಸವಾರಿ

ಡೇರಿಗೆ ಬೆಳಗಿನ ಹಾಲು ಹಾಕುವ ಹೊತ್ತು ವರ್ಷವಿಡೀ ಹೆಚ್ಚುಕಡಿಮೆ ಒಂದೇ. ಸೂರ್ಯ ಮಾತ್ರ ಒಂದೇ ಹೊತ್ತಿಗೆ ಮೂಡುವುದಿಲ್ಲ. ಮೈಸೂರು, ಮಂಡ್ಯದ ಕಡೆ ಜೂನ್‌ನಲ್ಲಿ 6 ಗಂಟೆ ಸುಮಾರಿಗೆ ಮೂಡುವ ಸೂರ್ಯ ಜನವರಿ ಕೊನೆಯಲ್ಲಿ 6.45 ದಾಟಿದ ಮೇಲೇ ಕಾಣುವುದು. ಆಷಾಢ, ಶ್ರಾವಣದ ಸೋನೆ ಮಳೆಯಲ್ಲಿ ಸೂರ್ಯ ಮೂಡಿದರೂ ಬೆಳಕು ಹರಿಯುವುದು ತಡ. ಹೀಗಾಗಿ ವರ್ಷದಲ್ಲಿ ಹಲವು ತಿಂಗಳು ನೀವು ಕ್ಯಾನು ಕಟ್ಟಿಕೊಂಡು ಮನೆ ಬಿಡುವುದು ಕತ್ತಲಲ್ಲೇ. ಸಂಜೆಯ ಹಾಲು ಹಾಕಿ ವಾಪಸು ಬರುವುದೂ ಕತ್ತಲಲ್ಲೇ.

ಹೆಂಗಸರ ಕೈಯಲ್ಲಿ ಸೈಕಲ್ ಈಗ ಹೊಸದೇನಲ್ಲ. 2006-07ರಿಂದ ಹಲವು ವರ್ಷ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಅಂದು ಅದರಲ್ಲಿ ಶಾಲೆಗೆ ಹೋದ ಹುಡುಗಿಯರಲ್ಲಿ ಎಷ್ಟೋ ಮಂದಿ ಇಂದು ಹಸು ಕಟ್ಟಿ ಸಂಸಾರ ನಡೆಸುತ್ತಿದ್ದಾರೆ. ಆದರೆ ಹಗಲಲ್ಲಿ ಪುಸ್ತಕದ ಚೀಲ ಹಾಕಿಕೊಂಡು ಓಡಿಸಿದ ಸೈಕಲ್ಲಿಗೂ, ಕತ್ತಲಲ್ಲಿ ಹತ್ತು ಲೀಟರ್ ಹಾಲು ಕಟ್ಟಿದ ಸೈಕಲ್ಲಿಗೂ ಬಹಳ ವ್ಯತ್ಯಾಸವಿದೆ.

ಮೊದಲ ಮಾತು, ನಿಮಗೆ ದಾರಿ ಕಂಡರೆ ಸಾಲದು. ಹಿಂದಿನಿಂದ ಬರುವವನಿಗೆ ನೀವು ಕಾಣಬೇಕು. ದಿನಾ ಓಡಾಡುವ ದಾರಿಯ ಗುಂಡಿಗಳೆಲ್ಲ ನಿಮಗೆ ಕಣ್ಣು ಮುಚ್ಚಿದರೂ ಗೊತ್ತು. ಅದೇ ಧೈರ್ಯದಿಂದ ದೀಪವಿಲ್ಲದೆ ಹೊರಡುತ್ತೀರಿ. ವಾಹನ ಓಡಿಸುವವನ ಲೆಕ್ಕ ನೋಡಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರುವ ವಾಹನ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಎದುರಿಗೆ ಯಾರೋ ಇದ್ದಾರೆಂದು ತಿಳಿದು ಬ್ರೇಕ್ ಮೇಲೆ ಕಾಲಿಡುವಷ್ಟರಲ್ಲಿ 20 ಮೀಟರ್ ಹೋಯಿತು. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದು ನಿಲ್ಲಲು ಮತ್ತೆ ಸುಮಾರು 20 ಮೀಟರ್ ಬೇಕು. ಒಟ್ಟು 40 ಮೀಟರ್ ಆಯಿತು. ಡಿಮ್ ಲೈಟಿನಲ್ಲಿ ಕಪ್ಪು ಅಥವಾ ಕಡುಬಣ್ಣದ ಬಟ್ಟೆ ಹಾಕಿದವರು 30 ಮೀಟರ್ ಹತ್ತಿರ ಬರುವ ತನಕ ಸರಿಯಾಗಿ ಕಾಣುವುದೇ ಇಲ್ಲ. ಚಾಲಕ ಎಷ್ಟೇ ಒಳ್ಳೆಯವನಾದರೂ ಆ ಹತ್ತು ಮೀಟರನ್ನು ಎಲ್ಲಿಂದ ತರುತ್ತಾನೆ?

ಇದಕ್ಕೆ ಅಗ್ಗದ ಉಪಾಯ ರೇಡಿಯಂ ಸ್ಟಿಕ್ಕರ್. ಹೆಸರು ರೇಡಿಯಂ ಎಂದಿದ್ದರೂ ಅದು ತಾನಾಗಿ ಬೆಳಗುವುದಿಲ್ಲ. ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ಕಡೆಗೇ ತಿರುಗಿ ಕಳಿಸುತ್ತದೆ, ಆದ್ದರಿಂದ ದೀಪ ಹಾಕಿಕೊಂಡು ಬರುವವನಿಗೆ ನೂರು ಮೀಟರ್ ದೂರದಿಂದಲೇ ಹೊಳೆಯುತ್ತದೆ. ಕೆಸರು ಮೆತ್ತಿದರೆ ಹೊಳೆಯುವುದಿಲ್ಲ. ಹೊರಡುವ ಮುಂಚೆ ಸೆರಗಿನಲ್ಲೋ ಬಟ್ಟೆಯಲ್ಲೋ ಒಂದು ಸಲ ಒರೆಸಿ. ಪೆಡಲಿನ ಎರಡೂ ಬದಿಗೆ ಒಂದೊಂದು ತುಂಡು ಅಂಟಿಸಿದರೆ ಇನ್ನೂ ಒಳ್ಳೆಯದು. ಅದು ಮೇಲೆ ಕೆಳಗೆ ಆಡುವುದನ್ನು ಕಂಡ ಕೂಡಲೇ ಇದು ಸೈಕಲ್ ಎಂದು ಚಾಲಕನಿಗೆ ತಿಳಿಯುತ್ತದೆ.

ಇಲ್ಲೊಂದು ವಿಷಯ ನಮ್ಮವರಲ್ಲಿ ಬಹಳ ಮಂದಿ ಗಮನಿಸಿರುವುದಿಲ್ಲ. ಸೈಕಲ್ಲಿನ ಹಿಂದೆ ಕಂಪನಿಯವರೇ ಕೆಂಪು ರಿಫ್ಲೆಕ್ಟರ್ ಹಾಕಿರುತ್ತಾರೆ. ಕ್ಯಾರಿಯರ್ ಮೇಲೆ ಕ್ಯಾನು ಕಟ್ಟಿ, ಅದರ ಮೇಲೆ ಗೋಣಿಚೀಲ ಇಳಿಬಿಟ್ಟು, ನಿಮ್ಮ ಮಳೆಕೋಟೂ ಹಿಂದಕ್ಕೆ ಜೋತುಬಿದ್ದರೆ ಆ ಕೆಂಪು ಯಾರಿಗೂ ಕಾಣುವುದಿಲ್ಲ. ಹಾಗಾಗಿ ಕ್ಯಾನಿನ ಹೊರಮೈಗೇ, ಹಿಂದಕ್ಕೆ ಬರುವ ಕಡೆ, ಕೆಂಪು ರೇಡಿಯಂ ಪಟ್ಟಿ ಅಂಟಿಸಿ. ದೀಪವಿಲ್ಲದೆ ಬರುವ ಬೈಕಿಗೆ, ಕಬ್ಬಿನ ಟ್ರ್ಯಾಕ್ಟರಿಗೆ ರೇಡಿಯಂ ಉಪಯೋಗವಿಲ್ಲ. ಅದಕ್ಕಾಗಿ ಹಿಂದೆ ಒಂದು ಮಿಣುಕುವ ಕೆಂಪು ದೀಪ, ಮುಂದೆ ಒಂದು ಟಾರ್ಚ್ ಇರಲಿ. ಟಾರ್ಚನ್ನು ಹ್ಯಾಂಡಲ್‌ಗೆ ಭದ್ರವಾಗಿ ಕಟ್ಟಿ, ಬೆಳಕು ಐದಾರು ಮೀಟರ್ ಮುಂದೆ ನೆಲಕ್ಕೆ ಬೀಳುವಂತೆ ಬಾಗಿಸಿ. ಹಳೆಯ ಡೈನಮೊ ಮಳೆಯಲ್ಲಿ ಟೈರಿನ ಮೇಲೆ ಜಾರುತ್ತದೆ, ಸೈಕಲ್ ನಿಂತರೆ ಆರಿಯೇ ಹೋಗುತ್ತದೆ. ಅದನ್ನು ನಂಬಬೇಡಿ.

ಎರಡನೆಯದು ಬ್ರೇಕ್. ರಿಮ್ ಒದ್ದೆಯಾದಾಗ ಬ್ರೇಕ್ ರಬ್ಬರಿಗೂ ಉಕ್ಕಿಗೂ ನಡುವೆ ನೀರಿನ ಪದರ ನಿಲ್ಲುತ್ತದೆ. ಆ ನೀರು ಒರೆಸಿಹೋಗಲು ಚಕ್ರ ಕೆಲವು ಸುತ್ತು ತಿರುಗಬೇಕು. ಅಲ್ಲಿಯವರೆಗೆ ಬ್ರೇಕ್ ಹಿಡಿಯುವುದೇ ಇಲ್ಲ ಎನ್ನಬಹುದು. ತಿರುವು, ಇಳಿಜಾರು, ಕೂಡುರಸ್ತೆ ಬರುವುದಕ್ಕೆ ಬಹಳ ಮುಂಚೆಯೇ ಎರಡೂ ಬ್ರೇಕನ್ನು ಮೆಲ್ಲಗೆ ಒತ್ತಿ ಬಿಡಿ, ರಿಮ್ ಒಣಗುತ್ತದೆ. ಬೇಕಾದಾಗ ಹಿಡಿಯುತ್ತದೆ. ಚೈನಿಗೆ ಎಣ್ಣೆ ಬಿಡುವಾಗ ಒಂದು ತೊಟ್ಟೂ ರಿಮ್ ಮೇಲೆ ಬೀಳದಂತೆ ನೋಡಿಕೊಳ್ಳಿ, ಬಿದ್ದರೆ ಸೋಪಿನ ನೀರಿನಲ್ಲಿ ತೊಳೆಯಿರಿ. ಮಲೆನಾಡಿನ ಪಾಚಿ ಕಟ್ಟಿದ ಇಳಿಜಾರಿನಲ್ಲಿ ಕ್ಯಾನು ತುಂಬಿದ್ದರೆ ಇಳಿದು ತಳ್ಳಿಕೊಂಡು ಹೋಗುವುದೇ ಜಾಣತನ. ಐದು ನಿಮಿಷ ತಡವಾಗುತ್ತದೆ, ಆಗಲಿ.

ಬಯಲುಸೀಮೆಯವರಿಗೆ ಚಳಿಗಾಲದ ಅಪಾಯ ಬೇರೆ. ರಾಗಿ, ಹುರುಳಿ ಒಕ್ಕಣೆಗೆಂದು ಡಾಂಬರು ರಸ್ತೆಯ ಮೇಲೇ ಹುಲ್ಲು ಹರಡುವ ಅಭ್ಯಾಸ ಇನ್ನೂ ಹೋಗಿಲ್ಲ. ರಾತ್ರಿಯ ಇಬ್ಬನಿಗೆ ನೆನೆದ ಆ ಹುಲ್ಲಿನ ಮೇಲೆ ಸೈಕಲ್ ಜಾರುತ್ತದೆ, ಹುರುಳಿ ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ. ಹರಡುವವರೂ ನಮ್ಮವರೇ ಆದ್ದರಿಂದ ಇದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಕಣಕ್ಕೆ ಜಾಗವಿದ್ದವರು ರಸ್ತೆ ಬಿಟ್ಟುಬಿಡಬೇಕು.

ಭಾರದ ವಿಷಯ. ಹತ್ತು ಲೀಟರ್ ಹಾಲು ಎಂದರೆ 10 ಕೆ.ಜಿ.ಗಿಂತ ಸ್ವಲ್ಪ ಹೆಚ್ಚು, ಕ್ಯಾನಿನ ತೂಕ ಬೇರೆ. ಅದನ್ನು ಹ್ಯಾಂಡಲ್‌ಗೆ ನೇತುಹಾಕಿದರೆ ಪ್ರತಿ ಗುಂಡಿಗೂ ಓಲಾಡಿ ಮುಂಚಕ್ರವನ್ನು ಎಳೆಯುತ್ತದೆ. ಹಿಂದಿನ ಕ್ಯಾರಿಯರ್ ಮೇಲೆ ಹಳೆ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ. ಅರ್ಧ ತುಂಬಿದ ದೊಡ್ಡ ಕ್ಯಾನಿಗಿಂತ ಪೂರ್ತಿ ತುಂಬಿದ ಚಿಕ್ಕ ಕ್ಯಾನು ವಾಸಿ, ಒಳಗೆ ಹಾಲು ತುಳುಕಿ ಸೈಕಲ್ಲನ್ನು ಪಕ್ಕಕ್ಕೆ ದೂಡುವುದಿಲ್ಲ. ಸೆರಗು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿರಲಿ. ಹಿಂಚಕ್ರಕ್ಕೆ ಜಾಲರಿ, ಚೈನಿಗೆ ಕವರ್ ಇಲ್ಲದ ಸೈಕಲ್ಲಿನಲ್ಲಿ ಸೀರೆ ಉಟ್ಟು ಹೋಗಲೇಬೇಡಿ. ಒಂದು ಕೈಯಲ್ಲಿ ಛತ್ರಿ ಹಿಡಿದು ಓಡಿಸುವುದಂತೂ ಬೇಡವೇ ಬೇಡ.

ಚಳಿ ಬರೀ ನಡುಕ ತರುವುದಿಲ್ಲ, ಬೆರಳು ಮರಗಟ್ಟಿಸುತ್ತದೆ. ಮರಗಟ್ಟಿದ ಬೆರಳಿಗೆ ಬ್ರೇಕ್ ಸಿಗದು. ಕೈಗವಸು ಇಲ್ಲದಿದ್ದರೆ ಹಳೆ ಉಣ್ಣೆಯ ಕಾಲುಚೀಲಕ್ಕೇ ಬೆರಳಿನ ತೂತು ಮಾಡಿ ಹಾಕಿಕೊಳ್ಳಿ. ನೆನೆದ ಹತ್ತಿ ಬಟ್ಟೆ ಮೈಶಾಖವನ್ನು ಹೀರುತ್ತದೆ, ಉಣ್ಣೆ ನೆನೆದರೂ ಅಷ್ಟಿಷ್ಟು ಬೆಚ್ಚಗಿರುತ್ತದೆ. ಕಂಬಳಿಕೊಪ್ಪೆಯನ್ನು ಹಿರಿಯರು ಸುಮ್ಮನೆ ಬಳಸಲಿಲ್ಲ. ಆದರೆ ಕಪ್ಪು ಕಂಬಳಿ ಕತ್ತಲಲ್ಲಿ ಕತ್ತಲೇ ಆಗಿಬಿಡುತ್ತದೆ. ಅದರ ಮೇಲೆ ತಿಳಿಬಣ್ಣದ ಮಳೆಕೋಟು ಇರಲಿ. ಗೊರಬೆ ನಾಟಿ ಗದ್ದೆಗೆ ಸರಿ, ಸೈಕಲ್ ಮೇಲೆ ಗಾಳಿಗೆ ಹಾಯಿಯಂತೆ ಎಳೆಯುತ್ತದೆ.

ಇನ್ನು ಹಾಲಿನ ಕಡೆ. ಹತ್ತು ಲೀಟರಿಗೆ ಒಂದು ಲೋಟದಷ್ಟು, ಅಂದರೆ 200 ಮಿ.ಲೀ. ಮಳೆನೀರು ಸೇರಿದರೆ 8.5 ಇದ್ದ ಎಸ್‌ಎನ್‌ಎಫ್ 8.3ಕ್ಕೆ ಇಳಿಯುತ್ತದೆ. ನೀವು ನೀರು ಬೆರೆಸಿಲ್ಲ, ಆದರೆ ಯಂತ್ರಕ್ಕೆ ಅದು ತಿಳಿಯದು. ಮುಚ್ಚಳದ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಕಿ ಕ್ಯಾನಿನ ಕುತ್ತಿಗೆಗೆ ಕಟ್ಟಿ. ಡೇರಿಯಲ್ಲಿ ಮುಚ್ಚಳ ತೆಗೆಯುವ ಮೊದಲು ಅದರ ಮೇಲೆ ನಿಂತ ನೀರನ್ನು ಒಣಬಟ್ಟೆಯಿಂದ ಒರೆಸಿ, ದಾರಿಯುದ್ದಕ್ಕೂ ಸೇರದ ನೀರು ಒಳಗೆ ಹೋಗುವುದು ಹೆಚ್ಚಾಗಿ ಆ ಕ್ಷಣದಲ್ಲೇ. ತೊಟ್ಟಿಕ್ಕುವ ಮಳೆಕೋಟನ್ನು ಬಿಚ್ಚಿಟ್ಟೇ ಹಾಲು ಸುರಿಯಿರಿ.

ಕೊನೆಯದಾಗಿ ಸಂಘದಲ್ಲಿ ಕೇಳಬೇಕಾದದ್ದು. ಹಾಲಿನ ಗಾಡಿ ಬರುವ ಹೊತ್ತಿಗೆ ಹೊಂದಿಸಿ, ಪುಷ್ಯ ಮಾಸದಲ್ಲಿ ಹಾಲು ಅಳೆಯುವ ಸಮಯವನ್ನು ಕಾಲು ಗಂಟೆಯಾದರೂ ಹಿಂದಕ್ಕೆ ಹಾಕಬಹುದೇ ಎಂದು ಕಾರ್ಯದರ್ಶಿಯವರ ಬಳಿ ವಿಚಾರಿಸಿ. ಡೇರಿ ಮುಂದಿನ ಕೂಡುರಸ್ತೆಯಲ್ಲಿ ದೀಪವಿಲ್ಲದಿದ್ದರೆ ಅದು ಗ್ರಾಮ ಪಂಚಾಯಿತಿಯ ಕೆಲಸ. ಒಬ್ಬರೇ ಬಾಯಲ್ಲಿ ಹೇಳುವ ಬದಲು ಆ ದಾರಿಯಲ್ಲಿ ಬರುವ ಎಲ್ಲರೂ ಸಹಿ ಹಾಕಿ ಅರ್ಜಿ ಕೊಡಿ, ಸ್ವೀಕೃತಿ ಪಡೆದುಕೊಳ್ಳಿ. ದೀಪ ಬರುವವರೆಗೆ ಒಂದೇ ದಾರಿಯವರು ಇಬ್ಬರು ಮೂವರು ಸೇರಿ, ಒಬ್ಬರ ಹಿಂದೆ ಒಬ್ಬರು ಎಡಬದಿಯಲ್ಲಿ ಹೊರಡಿ.