ಬೇಹುಗಾರರ ನಗರ ಬರ್ಲಿನ್: ಚಿತ್ರದ ತಾಣ, ಚರಿತ್ರೆಯ ತಾಣ

ಗೂಢಚಾರರ ಕಥೆಯೆಂದರೆ ಎಳೆಯರಿಗೂ ಹಿರಿಯರಿಗೂ ಸಮಾನವಾದ ಕುತೂಹಲ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಗೂಢಪುರುಷರ ನೇಮಕವನ್ನು ಕುರಿತು ಪ್ರತ್ಯೇಕವಾಗಿಯೇ ವಿವೇಚಿಸಿದ್ದಾನೆ. ವೇಷ ಮರೆಸಿಕೊಂಡು ಶತ್ರುವಿನ ನಾಡಿನಲ್ಲಿ ಸಂಚರಿಸುವವನ ಸಾಹಸವು ಇಪ್ಪತ್ತನೆಯ ಶತಮಾನದಲ್ಲಿ ಬೆಳ್ಳಿತೆರೆಗೆ ಬಂದಾಗ ಅದರ ಆಕರ್ಷಣೆ ಇಮ್ಮಡಿಯಾಯಿತು. ಅಂಥ ಚಿತ್ರಗಳನ್ನು ಮೆಚ್ಚಿದವರು ಅವು ಚಿತ್ರೀಕರಣಗೊಂಡ ಸ್ಥಳಗಳನ್ನು ಕಣ್ಣಾರೆ ಕಾಣಬೇಕೆಂದು ದೇಶಾಂತರ ಹೋಗುವುದೂ ಉಂಟು. ಹಾಗೆ ಹೋಗುವವರನ್ನು ಬಹುವಾಗಿ ಸೆಳೆಯುವ ನಗರಗಳಲ್ಲಿ ಜರ್ಮನಿಯ ರಾಜಧಾನಿಯಾದ ಬರ್ಲಿನ್ ಒಂದು. ಅಲ್ಲಿ ನೋಡತಕ್ಕ ಸ್ಥಳಗಳಾವುವು, ಅವುಗಳನ್ನು ಯಾವ ದೃಷ್ಟಿಯಿಂದ ನೋಡಬೇಕು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಹಿನ್ನೆಲೆಯನ್ನು ಸ್ವಲ್ಪ ತಿಳಿಯುವುದು ಅವಶ್ಯ. 1945ರಲ್ಲಿ ಎರಡನೆಯ ಮಹಾಯುದ್ಧ ಮುಗಿದ ತರುವಾಯ ಅಮೆರಿಕ, ಬ್ರಿಟನ್, ಫ್ರಾನ್ಸ್ ಮತ್ತು ಸೋವಿಯತ್ ಒಕ್ಕೂಟಗಳು ಬರ್ಲಿನ್ ನಗರವನ್ನು ನಾಲ್ಕು ವಲಯಗಳಾಗಿ ಹಂಚಿಕೊಂಡವು. ಮೊದಲ ಮೂರು ವಲಯಗಳು ಕೂಡಿ ಪಶ್ಚಿಮ ಬರ್ಲಿನ್ ಎನಿಸಿದವು. ಸುತ್ತಲೂ ಪೂರ್ವ ಜರ್ಮನಿಯ ನೆಲವೇ ಇದ್ದುದರಿಂದ ಅದು ಒಂದು ದ್ವೀಪದಂತಿತ್ತು. ಎರಡು ಬಣಗಳ ಜನರು ಒಂದೇ ನಗರದ ಬೀದಿಗಳಲ್ಲಿ ಓಡಾಡುತ್ತಿದ್ದ ಕಾರಣ ಬೇಹುಗಾರಿಕೆಗೆ ಇದಕ್ಕಿಂತ ಅನುಕೂಲವಾದ ಸ್ಥಳ ಮತ್ತೊಂದಿರಲಿಲ್ಲ. ಪೂರ್ವದಿಂದ ಪಶ್ಚಿಮಕ್ಕೆ ಲಕ್ಷಾಂತರ ಜನರು ವಲಸೆ ಹೋಗತೊಡಗಿದಾಗ ಪೂರ್ವ ಜರ್ಮನಿಯ ಸರಕಾರವು 1961ರ ಆಗಸ್ಟ್ 13ರಂದು ಗಡಿಯನ್ನು ಮುಚ್ಚಿತು. ಮೊದಲು ಮುಳ್ಳುತಂತಿ ಬಂದಿತು, ಅನಂತರ ಗೋಡೆಯೆದ್ದಿತು. ಪಶ್ಚಿಮ ಬರ್ಲಿನ್ನನ್ನು ಸುತ್ತುವರಿದ ಆ ಗಡಿಯ ಉದ್ದ ಸುಮಾರು 155 ಕಿಲೋಮೀಟರ್. 1989ರ ನವೆಂಬರ್ 9ರಂದು ಅದು ತೆರೆಯುವವರೆಗೆ ಕನಿಷ್ಠ 140 ಜನರು ಅಲ್ಲಿ ಪ್ರಾಣ ಕಳೆದುಕೊಂಡರು.

ಪ್ರವಾಸಿಗರು ಮೊಟ್ಟಮೊದಲು ಹೋಗುವುದು ಫ್ರೀಡ್ರಿಕ್ ಬೀದಿಯಲ್ಲಿದ್ದ ಚೆಕ್‌ಪಾಯಿಂಟ್ ಚಾರ್ಲಿ ಎಂಬ ಗಡಿ ಠಾಣ್ಯಕ್ಕೆ. ವಿದೇಶೀಯರು ಪೂರ್ವ ಬರ್ಲಿನ್ನಿಗೆ ಹೋಗಿಬರುತ್ತಿದ್ದ ದಾರಿಯಿದು. 1961ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದ ಮತ್ತು ಸೋವಿಯತ್ ಒಕ್ಕೂಟದ ಟ್ಯಾಂಕುಗಳು ಇಲ್ಲಿಯೇ ಎದುರುಬದುರಾಗಿ ನಿಂತಿದ್ದವು. ನಮ್ಮ ದೇಶದ ಉದಯಪುರದ ಅರಮನೆಗಳಲ್ಲಿ ಒಂದಷ್ಟು ಭಾಗ ಚಿತ್ರೀಕರಣಗೊಂಡು 1983ರಲ್ಲಿ ತೆರೆಕಂಡ ‘ಆಕ್ಟೋಪಸಿ’ ಎಂಬ ಜೇಮ್ಸ್ ಬಾಂಡ್ ಚಿತ್ರದ ಒಂದು ದೃಶ್ಯವನ್ನೂ ಈ ಠಾಣ್ಯದ ಬಳಿಯಲ್ಲಿ ತೆಗೆಯಲಾಯಿತು. ಆಗ ಗೋಡೆ ಇನ್ನೂ ನಿಂತಿತ್ತು. ಆದರೆ ಈ ಠಾಣ್ಯವನ್ನು ಜಗತ್ತಿನ ಮನಸ್ಸಿನಲ್ಲಿ ಅಚ್ಚೊತ್ತಿದ ಚಿತ್ರ ಬೇರೆ. ಅದು ಜಾನ್ ಲೆ ಕಾರೆಯವರ ಕಾದಂಬರಿಯನ್ನು ಆಧರಿಸಿ 1965ರಲ್ಲಿ ಬಂದ ‘ದಿ ಸ್ಪೈ ಹೂ ಕೇಮ್ ಇನ್ ಫ್ರಮ್ ದಿ ಕೋಲ್ಡ್’. ರಿಚರ್ಡ್ ಬರ್ಟನ್ ಕಾದು ನಿಂತ ಆ ಠಾಣ್ಯವು ಬರ್ಲಿನ್ನಿನದಲ್ಲ. ಐರ್ಲೆಂಡಿನ ಡಬ್ಲಿನ್ ನಗರದ ಒಂದು ಮಾರುಕಟ್ಟೆಯ ಚೌಕದಲ್ಲಿ ಅದನ್ನು ಕಟ್ಟಿ ನಿಲ್ಲಿಸಲಾಗಿತ್ತು.

ಇಂದು ಆ ಬೀದಿಯಲ್ಲಿ ಕಾಣುವ ಕಾವಲುಮನೆಯೂ ಮೂಲದ್ದಲ್ಲ. ಮೂಲ ಠಾಣ್ಯವನ್ನು 1990ರ ಜೂನ್ 22ರಂದು ಎತ್ತಲಾಯಿತು. ಈಗ ಇರುವುದು 2000ದಲ್ಲಿ ನಿಲ್ಲಿಸಿದ ಪ್ರತಿಕೃತಿ. ಬಹುಮಂದಿ ಅದರ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ. ಅಲ್ಲಿಂದ ತ್ಸಿಮ್ಮರ್ ಬೀದಿಯಲ್ಲಿ ಪೂರ್ವಕ್ಕೆ ಕೆಲವೇ ನಿಮಿಷ ನಡೆದರೆ ಒಂದು ಸ್ಮಾರಕಸ್ತಂಭ ಸಿಗುತ್ತದೆ. ಪೀಟರ್ ಫೆಕ್ಟರ್ ಎಂಬ ಹದಿನೆಂಟು ವರ್ಷದ ಗಾರೆ ಕೆಲಸದ ತರುಣನು 1962ರ ಆಗಸ್ಟ್ 17ರಂದು ಗೋಡೆ ಹತ್ತಿ ದಾಟಲೆತ್ನಿಸಿ ಗುಂಡೇಟು ತಿಂದು ಬಿದ್ದ ಸ್ಥಳವದು. ಎರಡೂ ಕಡೆಯವರ ಕಣ್ಣೆದುರಿಗೆ, ನೆರವಿಗಾಗಿ ಕೂಗುತ್ತ, ಸುಮಾರು ಒಂದು ಗಂಟೆಯ ಕಾಲ ಆತ ನೆತ್ತರು ಸುರಿಸಿದನು. ಗಡಿ ದಾಟಿ ಹೋಗಿ ಅವನನ್ನು ಎತ್ತಲು ಪಶ್ಚಿಮದವರಾರೂ ಮುಂದಾಗಲಿಲ್ಲ. ಕೊನೆಗೆ ಪೂರ್ವದ ಕಾವಲುಗಾರರೇ ಹೊತ್ತೊಯ್ದರು. ಅಷ್ಟರಲ್ಲಿ ಕಾಲ ಮೀರಿತ್ತು. ಠಾಣ್ಯದ ಪ್ರತಿಕೃತಿಯನ್ನು ನೋಡಿ ಈ ಕಂಬವನ್ನು ನೋಡದೆ ಬಂದವನು ಬರ್ಲಿನ್ ಗೋಡೆಯನ್ನು ಕಂಡಂತಾಗಲಿಲ್ಲವೆಂದೇ ಹೇಳಬೇಕು.

ಮೂಲ ಸ್ಥಳದಲ್ಲಿಯೇ ಚಿತ್ರೀಕರಣ ನಡೆದುದಕ್ಕೆ ಒಳ್ಳೆಯ ನಿದರ್ಶನ ಗ್ಲೀನಿಕೆ ಸೇತುವೆ. ವಾನ್‌ಸೇ ರೈಲು ನಿಲ್ದಾಣದಲ್ಲಿ ಇಳಿದು ಬಸ್ಸಿನಲ್ಲಿ ಹೋದರೆ ಹಾವೆಲ್ ನದಿಯ ಮೇಲೆ ಬರ್ಲಿನ್ನಿಗೂ ಪಾಟ್ಸ್‌ಡಾಮಿಗೂ ನಡುವೆ ಈ ಉಕ್ಕಿನ ಸೇತುವೆ ಕಾಣುತ್ತದೆ. 1962ರ ಫೆಬ್ರವರಿ 10ರ ಬೆಳಗ್ಗೆ ಸೋವಿಯತ್ ಬೇಹುಗಾರ ರುಡಾಲ್ಫ್ ಏಬೆಲ್ ಮತ್ತು ಅಮೆರಿಕದ ಯು-2 ವಿಮಾನದ ಚಾಲಕ ಗ್ಯಾರಿ ಪವರ್ಸ್ ಇವರ ವಿನಿಮಯ ನಡೆದುದು ಇಲ್ಲಿ. ಅದೇ ದಿನ ಫ್ರೆಡರಿಕ್ ಪ್ರಯರ್ ಎಂಬ ಅಮೆರಿಕನ್ ವಿದ್ಯಾರ್ಥಿಯನ್ನು ಚೆಕ್‌ಪಾಯಿಂಟ್ ಚಾರ್ಲಿಯಲ್ಲಿ ಬಿಡುಗಡೆ ಮಾಡಲಾಯಿತು. 1985 ಮತ್ತು 1986ರಲ್ಲಿಯೂ ಈ ಸೇತುವೆಯ ಮೇಲೆ ಇಂಥ ವಿನಿಮಯಗಳು ನಡೆದವು. ಸ್ಟೀವನ್ ಸ್ಪಿಲ್‌ಬರ್ಗ್ ಅವರು 2015ರ ‘ಬ್ರಿಜ್ ಆಫ್ ಸ್ಪೈಸ್’ ಚಿತ್ರಕ್ಕಾಗಿ ಇದೇ ಸೇತುವೆಯ ಮೇಲೆ ಆ ಮುಂಜಾವನ್ನು ಪುನಃ ಸೃಷ್ಟಿಸಿದರು. ಆದರೆ ಗೋಡೆ ಕಟ್ಟುವ ದೃಶ್ಯಗಳಿಗೆ ಅವರು ಪೋಲೆಂಡಿನ ವ್ರೊತ್ಸ್ವಾಫ್ ನಗರಕ್ಕೆ ಹೋಗಬೇಕಾಯಿತು. ಒಂದಾದ ಬರ್ಲಿನ್ ಅಷ್ಟರಮಟ್ಟಿಗೆ ಬದಲಾಗಿತ್ತು; ಯುದ್ಧದ ಗಾಯದ ಗುರುತುಳ್ಳ ಹಳೆಯ ಬೀದಿಗಳು ಅಲ್ಲಿ ಇನ್ನೂ ಉಳಿದಿದ್ದವು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಇದೆ. 2004ರ ‘ದಿ ಬೋರ್ನ್ ಸುಪ್ರಿಮಸಿ’ ಚಿತ್ರದಲ್ಲಿ ಅಲೆಕ್ಸಾಂಡರ್ ಚೌಕವು ಬರ್ಲಿನ್ ಆಗಿಯೇ ಕಾಣಿಸಿಕೊಳ್ಳುತ್ತದೆ. ಅದೇ ಚಿತ್ರದಲ್ಲಿ ಮಾಸ್ಕೋ ಎಂದು ತೋರಿಸಿದ ದೃಶ್ಯಗಳಲ್ಲಿ ಹಲವನ್ನು ಬರ್ಲಿನ್ನಿನಲ್ಲಿಯೇ ತೆಗೆಯಲಾಯಿತು. ಹೀಗೆ ಡಬ್ಲಿನ್ ಬರ್ಲಿನ್ನಾಗುತ್ತದೆ, ಬರ್ಲಿನ್ ಮಾಸ್ಕೋ ಆಗುತ್ತದೆ. ಬೇಹುಗಾರನಂತೆ ನಗರವೂ ವೇಷ ಹಾಕುತ್ತದೆ. ಇದು ಕಲೆಗೆ ಸಹಜವಾದ ಸ್ವಾತಂತ್ರ್ಯ, ಇದರಲ್ಲಿ ದೋಷವೆಣಿಸಬೇಕಾಗಿಲ್ಲ.

ಆ ಸ್ವಾತಂತ್ರ್ಯಕ್ಕೆ ಎಲ್ಲೆಯುಂಟೇ ಎಂಬ ಪ್ರಶ್ನೆ ಎದುರಾಗುವುದು ನಗರದ ಪೂರ್ವಭಾಗದಲ್ಲಿ. ಪೂರ್ವ ಜರ್ಮನಿಯ ಗುಪ್ತ ಪೊಲೀಸು ಇಲಾಖೆಯಾದ ಸ್ಟಾಸಿಯ ಮುಖ್ಯ ಕಚೇರಿ ನಾರ್ಮನ್ನನ್ ಬೀದಿಯಲ್ಲಿದೆ. 1989ರಲ್ಲಿ ಈ ಇಲಾಖೆಗೆ ಸುಮಾರು 91,000 ನೌಕರರಿದ್ದರು. ನೆರೆಯವರ, ಮಿತ್ರರ, ಕೆಲವೊಮ್ಮೆ ಮನೆಯವರ ಮೇಲೆಯೇ ವರದಿ ಒಪ್ಪಿಸುತ್ತಿದ್ದ ಗುಟ್ಟಿನ ಸುದ್ದಿಗಾರರು ಸುಮಾರು 1,89,000. ಅವರು ಕೂಡಿಹಾಕಿದ ಕಡತಗಳನ್ನು ಸಾಲಾಗಿ ಜೋಡಿಸಿದರೆ 111 ಕಿಲೋಮೀಟರ್ ಆಗುತ್ತದೆ. 1990ರ ಜನವರಿ 15ರಂದು ನಾಗರಿಕರು ಕಚೇರಿಗೆ ನುಗ್ಗಿ ಅದನ್ನು ವಶಪಡಿಸಿಕೊಂಡರು. ಈಗ ಅದು ವಸ್ತುಸಂಗ್ರಹಾಲಯ. 1992ರಿಂದ ಜನರು ತಮ್ಮ ಕಡತವನ್ನು ತಾವೇ ಓದಬಹುದಾಗಿದೆ.

2006ರ ‘ದಿ ಲೈವ್ಸ್ ಆಫ್ ಅದರ್ಸ್’ ಎಂಬ ಜರ್ಮನ್ ಚಿತ್ರದ ಕೆಲವು ದೃಶ್ಯಗಳನ್ನು ಈ ಕಚೇರಿಯಲ್ಲಿಯೇ ತೆಗೆದರು. ಒಬ್ಬ ಸ್ಟಾಸಿ ಅಧಿಕಾರಿಯು ತಾನು ಕದ್ದು ಕೇಳಬೇಕಾದ ಲೇಖಕನನ್ನು ರಹಸ್ಯವಾಗಿ ಕಾಪಾಡುವ ಕಥೆಯದು. ಆಸ್ಕರ್ ಪ್ರಶಸ್ತಿಯನ್ನೂ ಪಡೆಯಿತು. ಆದರೆ ಹೊಹೆನ್‌ಶೋನ್‌ಹೌಸನ್ ಎಂಬಲ್ಲಿರುವ ಸ್ಟಾಸಿಯ ಹಳೆಯ ಬಂದೀಖಾನೆಯಲ್ಲಿ ಚಿತ್ರೀಕರಿಸಲು ಅನುಮತಿ ದೊರೆಯಲಿಲ್ಲ. ಆ ಬಂದೀಖಾನೆ ಆಗಲೇ ಸ್ಮಾರಕವಾಗಿತ್ತು. ಹಾಗೆ ಸೆರೆಯಾಳನ್ನು ಕಾಪಾಡಿದ ಅಧಿಕಾರಿಯೊಬ್ಬನೂ ಇರಲಿಲ್ಲ, ಹಿಂಸಕನನ್ನು ನಾಯಕನನ್ನಾಗಿಸುವ ಕಥೆಗೆ ಸಂಕಟಪಟ್ಟವರ ಕೋಣೆಗಳನ್ನು ಕೊಡಲಾಗದು ಎಂಬುದು ಅದರ ಅಂದಿನ ನಿರ್ದೇಶಕರ ನಿಲುವು. ಚಿತ್ರವು ಉತ್ತಮವಾದುದು, ನಿರಾಕರಣೆಯೂ ನ್ಯಾಯವಾದುದು. ಮನುಷ್ಯ ತಿದ್ದಿಕೊಳ್ಳಬಲ್ಲನೆಂದು ತೋರಿಸುವ ಹಕ್ಕು ಕಲಾವಿದನಿಗಿದೆ. ಹಾಗೆ ನಡೆಯಲಿಲ್ಲವೆಂದು ಸಾರುವ ಹಕ್ಕು ನೊಂದವರಿಗಿದೆ. ಅಲ್ಲಿ ಒಮ್ಮೆ ಸೆರೆಯಲ್ಲಿದ್ದವರೇ ಸಂದರ್ಶಕರನ್ನು ಕೋಣೆಯಿಂದ ಕೋಣೆಗೆ ಕರೆದೊಯ್ದು ತಮ್ಮ ಅನುಭವವನ್ನು ಹೇಳುವ ಪದ್ಧತಿ ಬೆಳೆದುಬಂದಿದೆ. ಯಾವ ಚಲನಚಿತ್ರವೂ ಕೊಡಲಾರದ ಪಾಠವಿದು.

ಆದುದರಿಂದ ಬರ್ಲಿನ್ನಿಗೆ ಹೋಗುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಚಿತ್ರಗಳನ್ನು ನೋಡಿಯೇ ಹೋಗಿರಿ. ಕುತೂಹಲವು ಕಲಿಕೆಯ ಮೊದಲ ಮೆಟ್ಟಿಲು. ಆದರೆ ಪ್ರತಿ ಸ್ಥಳದಲ್ಲಿಯೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ: ಇಲ್ಲಿ ಏನನ್ನು ಚಿತ್ರಿಸಿದರು? ಇಲ್ಲಿ ಏನು ನಡೆಯಿತು? ಪಾಠ ಹೇಳುವ ಅಧ್ಯಾಪಕ ಬಂಧುಗಳಿಗೂ ಇವೇ ಪ್ರಶ್ನೆಗಳು ತರಗತಿಯಲ್ಲಿ ಉಪಯೋಗಕ್ಕೆ ಬಂದಾವು. ಐತಿಹಾಸಿಕ ಚಿತ್ರವೊಂದನ್ನು ನೋಡಿ ಬಂದ ಬಾಲಕನು ತೆರೆಯ ಮೇಲೆ ಕಂಡುದನ್ನೇ ಇತಿಹಾಸವೆಂದು ನಂಬಿ ಬೆಳೆಯಬಾರದು. ಈ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ ಕೇಳಲು ಕಲಿತವನಿಗೆ ದೂರದ ಬರ್ಲಿನ್ ಮಾತ್ರವಲ್ಲದೆ, ತನ್ನೂರಿನ ಹಾಳು ಕೋಟೆಯೂ ನಿಜವನ್ನು ಹೇಳತೊಡಗುತ್ತದೆ.