ಅಜ್ಜಿಯ ತವರು ಯಾವುದು?

ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದ ನಮ್ಮ ಮನೆತನಗಳಲ್ಲಿ ಸಂಬಂಧ ನೋಡಲು ಹೋದರೆ "ನಿಮ್ಮ ಅಜ್ಜಿಯ ತವರು ಯಾವೂರು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಚಹಾ ಮುಗಿಯುವುದರೊಳಗೆ ಎರಡೂ ಕಡೆಯವರು ಎಲ್ಲೋ ಒಂದು ಕಡೆ ಬಂಧುಗಳೆಂದು ಗೊತ್ತಾಗುತ್ತದೆ. ಆದರೆ ಉತ್ತರ ಹೇಳಬಲ್ಲ ಹಿರಿಯರು ಈಗ ಮನೆಗೊಬ್ಬರು ಉಳಿದಿದ್ದರೆ ಹೆಚ್ಚು.

ಅಡ್ಡಹೆಸರು ನಂಬಿ ಮೂಲ ಹುಡುಕುವಂತಿಲ್ಲ. ಪಾಟೀಲ, ಚೌಗುಲೆ ಎಂಬುವು ಊರಿನ ಹುದ್ದೆಯಿಂದ ಬಂದ ಹೆಸರುಗಳು. ನಮ್ಮಲ್ಲೂ ಇವೆ, ಲಿಂಗಾಯತರಲ್ಲೂ ಮರಾಠರಲ್ಲೂ ಇವೆ.

ತಂದೆಯ ಕಡೆಗೆ ಕಾಗದದ ಆಧಾರವುಂಟು. ಹೊಲವಿದ್ದವರಿಗೆ ಸಾತಬಾರಾ ಉತಾರ, ವಾರಸರ ಹೆಸರು ಏರಿಸಿದ ಫೇರಫಾರ ಸಿಗುತ್ತವೆ. ಕೊಲ್ಲಾಪುರ ಸಂಸ್ಥಾನ ವಿಲೀನವಾದದ್ದು 1949ರಲ್ಲಿ. ಅದಕ್ಕೆ ಹಿಂದಿನ ಕಾಗದ ಬಹಳಷ್ಟು ಮೋಡಿ ಲಿಪಿಯಲ್ಲಿವೆ, ಓದಿಸಲು ಬಲ್ಲವರನ್ನು ಹುಡುಕಬೇಕು. ತಾಯಿಯ ಕಡೆಗೆ ಇದೂ ಇಲ್ಲ. 1956ರ ವಾರಸಾ ಕಾಯಿದೆಗೆ ಮುಂಚೆ, ಗಂಡುಮಕ್ಕಳಿದ್ದ ಮನೆಯಲ್ಲಿ ಮಗಳ ಹೆಸರು ಸಾಮಾನ್ಯವಾಗಿ ಹೊಲದ ಕಾಗದಕ್ಕೆ ಏರುತ್ತಿರಲಿಲ್ಲ. ಮದುವೆಯಲ್ಲಿ ಹೆಸರು ಬದಲಾದರೆ ಹಳೆಯ ಹೆಸರೂ ಹೋಯಿತು. ತವರು ನಿಪ್ಪಾಣಿ, ಚಿಕ್ಕೋಡಿಯ ಕಡೆಗಿದ್ದರೆ ದಾಖಲೆ ಈಗ ಬೇರೆ ರಾಜ್ಯದಲ್ಲಿ.

ಇದು ಬರೀ ಹವ್ಯಾಸದ ಮಾತಲ್ಲ. 1955ರ ಹಿಂದೂ ವಿವಾಹ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ; ಸಪಿಂಡರೊಳಗೆ ಮದುವೆ ಅದರಲ್ಲಿ ನಿಷಿದ್ಧ. ಹುಡುಗನನ್ನೇ ಒಂದನೇ ತಲೆಮಾರು ಎಂದು ಹಿಡಿದು ತಂದೆಯ ಮೂಲಕ 5, ತಾಯಿಯ ಮೂಲಕ 3 ತಲೆಮಾರು ಮೇಲಕ್ಕೆ ಎಣಿಸಬೇಕು. ಹುಡುಗಿಗೂ ಹಾಗೆಯೇ. ಎರಡೂ ಎಣಿಕೆಯೊಳಗೆ ಒಬ್ಬರೇ ಹಿರಿಯರು ಬಂದರೆ ಇಬ್ಬರೂ ಸಪಿಂಡರು. ಸೋದರಮಾವನ ಮಗಳನ್ನು ತಂದರೆ, ಹುಡುಗನ ತಾಯಿಯ ತಂದೆಯೇ ಹುಡುಗಿಯ ತಂದೆಯ ತಂದೆ, ಇಬ್ಬರಿಗೂ ಮೂರನೆಯವನು. ಲೆಕ್ಕದ ಪ್ರಕಾರ ಕೂಡದು, ಆದರೆ ರೂಢಿ ಒಪ್ಪುವಲ್ಲಿ ಕಾಯಿದೆಯೂ ಒಪ್ಪುತ್ತದೆ.

ವೈದ್ಯರ ಲೆಕ್ಕ ಬೇರೆ. ಅವರಿಗೆ ತಂದೆಯ ಕಡೆ, ತಾಯಿಯ ಕಡೆ ಎರಡೂ ಸಮ. ಒಬ್ಬರೇ ಹಿರಿಯರಿಂದ ಇಳಿದ ದೋಷ ಎರಡೂ ಕಡೆಯಿಂದ ಬಂದು ಕೂಡಿದರೆ ಮಗುವಿಗೆ ಹುಟ್ಟುಕಿವುಡು, ಥಲಸ್ಸೇಮಿಯಾದಂಥ ಬೇನೆ ಬರಬಹುದು. ಹತ್ತಿರದ ಸಂಬಂಧದಲ್ಲಿ ಆ ಭಯ ಹೆಚ್ಚು. ರೂಢಿಯಿದೆಯೆಂದು ತಲೆಮಾರು ತಲೆಮಾರಿಗೂ ಅದೇ ಎರಡು ಮನೆಗಳೊಳಗೆ ಕೊಟ್ಟು ತರುವುದು ನಮಗಂತೂ ಸರಿ ಕಾಣದು. ಆಸ್ತಿ ಮನೆಯಲ್ಲೇ ಉಳಿಯುತ್ತದೆ ನಿಜ, ಬೇನೆಯೂ ಉಳಿಯುತ್ತದೆ.

ಅಂಗಡಿಯ ಕೀರ್ದಿ ಬರೆಯುವ ಕೈಗೆ ಇದೇನೂ ಕಷ್ಟವಲ್ಲ. ಒಂದು ನೋಟುಬುಕ್ಕು ಹಿಡಿದು ಅಜ್ಜಿಯ ಹತ್ತಿರ ಕೂಡ್ರಿ. ಅವರ ತವರಿನ ಹೆಸರು, ತವರೂರು, ಅವರ ತಾಯಿಯ ತವರೂರು ಬರೆದುಕೊಳ್ಳಿ. ಇಸವಿ ಕೇಳಿದರೆ ಹೇಳಲಾರರು. ಕೊಯ್ನಾ ಭೂಕಂಪಕ್ಕೆ ಮೊದಲೋ ಆಮೇಲೋ, 72ರ ಬರಗಾಲದಲ್ಲಿ ಯಾವ ಮಗು ಕೈಗೂಸಾಗಿತ್ತು ಎಂದು ಕೇಳಿ ನೋಡಿ, ಥಟ್ಟನೆ ಹೇಳುತ್ತಾರೆ.