ಗಣಕಯಂತ್ರಕ್ಕೂ ಬೇಲಿ, ಲಸಿಕೆ

ಸಹಕಾರ ಸಂಘದ ಸಾಲದ ಲೆಕ್ಕವೆಲ್ಲ ಈಗ ಗಣಕಯಂತ್ರದಲ್ಲಿದೆ. ಅದರ ರಕ್ಷಣೆಯಲ್ಲಿ ಎರಡು ಬಗೆ. ಹೊರಗಿನ ಜಾಲದಿಂದ ಬರುವುದನ್ನು ತಡೆಯುವ ಫೈರ್‌ವಾಲ್ ಹೊಲದ ಬೇಲಿಯಿದ್ದಂತೆ. ಇದು ಜಾಲದ ರಕ್ಷಣೆ. ಯಂತ್ರವನ್ನು ನಡೆಸುವ ವಿಂಡೋಸ್‌ನಂತಹ ಕಾರ್ಯಾಚರಣಾ ವ್ಯವಸ್ಥೆಯ ದೋಷ ಸರಿಪಡಿಸುವುದು ದನಕ್ಕೆ ಲಸಿಕೆ ಹಾಕಿಸಿದಂತೆ.

2017ರ ಮೇ 12ರಂದು ಹರಡಿದ ವಾನಾಕ್ರೈ ಪಿಡುಗನ್ನೇ ನೋಡಿ. ವಿಂಡೋಸ್‌ನ 445ನೇ ಪೋರ್ಟಿನ ಮೂಲಕ ನುಗ್ಗಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನೇ ಮುಂದೂಡಬೇಕಾಯಿತು. ಆ ಪೋರ್ಟನ್ನು ಹೊರಗಿನವರಿಗೆ ಮುಚ್ಚಿದ್ದಲ್ಲಿ ಬೇಲಿ ತಡೆಯುತ್ತಿತ್ತು. ಆದರೆ ಒಳಗೆ ಒಂದು ಯಂತ್ರಕ್ಕೆ ತಗುಲಿದರೆ, ಕೊಟ್ಟಿಗೆಯ ಕಾಲುಬಾಯಿ ಜ್ವರದಂತೆ ಪಕ್ಕದವಕ್ಕೂ ಹಬ್ಬುತ್ತಿತ್ತು. ಬೇಲಿ ಏನು ಮಾಡೀತು? ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ನೀಡಿದ್ದ ತಿದ್ದುಪಡಿಯನ್ನು ಹಾಕಿಸಿಕೊಂಡ ಯಂತ್ರಗಳಿಗೆ ಮಾತ್ರ ಹೀಗೆ ಹಬ್ಬಲಾರದಾಯಿತು. ಸಂಘದ ಯಂತ್ರದಲ್ಲಿ ‘ಅಪ್‌ಡೇಟ್’ ಸೂಚನೆ ಬಂದಾಗ ನಾಳೆಗೆಂದು ತಳ್ಳದೆ ಹಾಕಿಸಿರಿ.